ಖಾದರ್ ಸಾಹೇಬರ ಬುಟ್ಟಿಗಳು

ಝಣ್! ಪ್ಲಾಸ್ಟಿಕ್ ತಟ್ಟೆ ಹಾರಿಹೋಗಿ, ತೂಗಾಡುವ ಸೈಕಲ್ ಚೈನುಗಳಿಗೆ ಬಡಿದು ಬುಟ್ಟಿಗೆ ಬೀಳುವ ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಎಂಬತ್ತರ ದಶಕದ ಲಿಂಗಸುಗೂರಿನಲ್ಲಿ ಡಿಸ್ಕ್ ಗಾಲ್ಫ್ ಎಂಬ ಹೆಸರು ಯಾರಿಗೆ ಗೊತ್ತಿತ್ತು? ಆಟ ನಡೆಸುತ್ತಿದ್ದ ಸೈಕಲ್ ಅಂಗಡಿಯ ಖಾದರ್ ಸಾಹೇಬರು ಅದನ್ನು ‘ಬುಟ್ಟಿ ಆಟ’ ಎನ್ನುತ್ತಿದ್ದರು. ಭಾನುವಾರ ಸಿಂಧನೂರು, ಮಸ್ಕಿಯಿಂದಲೂ ಜನ ಬಸ್ಸು ಹಿಡಿದು ಬರುತ್ತಿದ್ದರು. ಓದುವಾಗ ಕಾನ್ವೆಂಟಿನಲ್ಲಿ ಥ್ರೋಬಾಲ್ ಆಡಿದ್ದ, ಆ ಊರಿನ ಶಾಲೆಗೆ ಟೀಚರಾಗಿ ಬಂದಿದ್ದ ನಾನೂ ಸೇರಿಕೊಂಡೆ.

ಸಾಹೇಬರಿಗೆ ಕೀಲುವಾತ, ಡಾಕ್ಟರ್ ಭಾಷೆಯಲ್ಲಿ ಕ್ರಾನಿಕ್. ಬೆರಳುಗಳು ಸೊಟ್ಟಗಾಗಿದ್ದರಿಂದ ತಾವು ಆಡುತ್ತಿರಲಿಲ್ಲ. ಆದರೆ ಬೇವಿನ ಮರಗಳಿಗೆ ಬುಟ್ಟಿ ಕಟ್ಟುವ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ತಮ್ಮ ಕೈ ಎಟುಕುವಷ್ಟು ಎತ್ತರಕ್ಕೆ ಕಟ್ಟುವುದು, ಅದೇ ಅವರ ರೂಲ್.

ವರ್ಷದಿಂದ ವರ್ಷಕ್ಕೆ ಬುಟ್ಟಿಗಳು ಕೆಳಗಿಳಿಯತೊಡಗಿದವು.

“ಏನ್ರೀ ಸಾಹೇಬ್ರ, ಲೇಡೀಸಿಗೆ ಕನ್ಸೆಷನ್ ಕೊಡಾಕತ್ತೀರೇನು?” ಎಂದು ನಾನು ಕಾಡಿಸಿದೆ.

“ಹೌದ್ರೀ ಟೀಚರಮ್ಮ, ನಿಮ್ಮ ಗುರಿ ನೋಡಿದ್ರ ಅಯ್ಯೋ ಅನಸ್ತದ್ರೀ!” ಎಂದರು. ಎಲ್ಲರೂ ನಕ್ಕೆವು, ಅವರೂ ನಕ್ಕರು.

ಅವರು ತೀರಿಹೋದ ಸುದ್ದಿ ಮಸ್ಕಿಯವರೊಬ್ಬರಿಂದ ತಡವಾಗಿ ತಿಳಿಯಿತು. ನಾನು ಅವರನ್ನು ಕೊನೆಯದಾಗಿ ನೋಡಿದ್ದು ತೊಂಬತ್ತರ ದಶಕದಲ್ಲಿ, ಸಿಂಧನೂರಿಗೆ ವರ್ಗವಾಗಿ ಹೊರಟ ದಿನ. ಬಸ್ಸಿನ ಕಿಟಕಿಯಲ್ಲಿದ್ದ ನನಗೆ ಸಲಾಂ ಮಾಡಲು ಅವರು ಕೈ ಎತ್ತಿದರು. ಅದು ಹಣೆಯವರೆಗೆ ಹೋಗಲಿಲ್ಲ, ಎದೆಯ ಹತ್ತಿರವೇ ನಿಂತುಬಿಟ್ಟಿತು. ಹಿಂದಿನ ಭಾನುವಾರ ಕಟ್ಟಿದ್ದ ಬುಟ್ಟಿಯೂ ಸರಿಯಾಗಿ ಅಷ್ಟೇ ಎತ್ತರದಲ್ಲಿತ್ತು. ಅದು ಕನ್ಸೆಷನ್ ಅಲ್ಲವೆಂದು ನನಗೆ ಹೊಳೆಯುವಷ್ಟರಲ್ಲಿ ಬಸ್ಸು ಹೊರಟಿತ್ತು.