ಏಳನೆಯ ಕೂಗು

ಮೂಡಲಪಾಳ್ಯದ ಆ ಮನೆಯಲ್ಲಿ ಕೆಳಗೆ ಯಶೋದಾ, ಮಹಡಿಯಲ್ಲಿ ಅವಳ ವಾರಗಿತ್ತಿ ಪ್ರಮೀಳಾ. ಭಾನುವಾರ ಸಂಜೆ ಎರಡೂ ಅಡುಗೆಮನೆಗಳಲ್ಲಿ ಕುಕ್ಕರು ಕೂಗತೊಡಗಿದರೆ ಯಶೋದಾಳ ಕಿವಿ ಮಹಡಿಯ ಕಡೆಗೇ. ಐದು ಜನರ ಊಟಕ್ಕೆ ಅವಳು ತರಿಸುತ್ತಿದ್ದುದು ಅರ್ಧ ಕೆಜಿ ಮಟನ್, ಒಂದು ಕೆಜಿ ಆಲೂಗಡ್ಡೆ. ಮಾಂಸ ಬೇಯುವುದಕ್ಕೆ ಆರು ಕೂಗು. ಆಮೇಲೆ ಮುಚ್ಚಳ ತೆಗೆದು ಆಲೂಗಡ್ಡೆ ಹಾಕಿದರೆ ಇನ್ನೊಂದು. ಆ ಏಳನೆಯ ಕೂಗು ಮಹಡಿಯಿಂದ ಎಂಟು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ.

"ಬರೀ ಮಾಂಸಾನೇ ತಿಂತಾರೆ, ಪುಣ್ಯವಂತರು!" ಎಂದು ಹೊಟ್ಟೆ ಉರಿಸಿಕೊಂಡೇ ಅವಳು ಮುದ್ದೆ ತಿರುವುತ್ತಿದ್ದಳು. ಆ ಸಿಟ್ಟಿಗೆ ಮುದ್ದೆಯಲ್ಲಿ ಒಂದು ಗಂಟೂ ಉಳಿಯುತ್ತಿರಲಿಲ್ಲ.

ಈ ಭಾನುವಾರ ಮೇಲೆ ಊಟ ಮುಗಿಸಿದ ಅತ್ತೆ ಪಾಪಮ್ಮ, ಮೊಮ್ಮಗಳಿಗೆಂದು ಒಂದು ಬಟ್ಟಲು ಸಾರು ಹಿಡಿದು ಇಳಿದು ಬಂದರು. ಯಶೋದಾ ಚಮಚ ಆಡಿಸಿ ನೋಡಿದಳು. ಮೂರೇ ತುಂಡು ಮಾಂಸ, ಮಿಕ್ಕಿದ್ದೆಲ್ಲ ಆಲೂಗಡ್ಡೆ.

"ಅತ್ತೆ, ಅವ್ಳೂ ಆಲೂಗಡ್ಡೆ ಹಾಕ್ತಾಳಾ?"

"ಮೊದ್ಲಿಂದ್ಲೂ ಹಾಕ್ತಾಳೆ ಕಣೇ. ಬೇರೆ ಪಾತ್ರೇಲಿ ಬೇಯಿಸ್ಕೊಂಡು ಆಮೇಲೆ ಸೇರಿಸ್ತಾಳೆ. ಕುಕ್ಕರ್ ಇನ್ನೊಂದ್ಸಲ ಕೂಗಿದ್ರೆ ಕೆಳಗಡೆ ಗೊತ್ತಾಗ್ಬಿಡುತ್ತಂತೆ."

ಯಶೋದಾ ನಗಬೇಕಿತ್ತು. ನಗು ಬರಲಿಲ್ಲ. ಇಷ್ಟು ವರ್ಷವೂ ವಾರ ತಪ್ಪದೆ ಏಳು ಸಲ ಕೂಗಿ, ಮನೆಯ ಗುಟ್ಟನ್ನು ಮಹಡಿಗೆ ಸಾರಿದ್ದು ತನ್ನ ಕುಕ್ಕರೊಂದೇ. ಬಟ್ಟಲನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ಥೂ, ಈ ಬುದ್ಧೀನೂ ಅವಳಿಗೇ ಮೊದ್ಲು ಹೊಳೀಬೇಕಿತ್ತಾ!"