ಘಾಟಿ ಇಳಿದವರ ಹೋಟೆಲು

ಮಡಿಕೇರಿಗೆ ಹೋಗುವಾಗ ಘಾಟಿಯ ಬುಡದ ಸಂಪಾಜೆಯಲ್ಲಿ ಊಟಕ್ಕೆ ಕಾರು ನಿಲ್ಲಿಸಿದ್ದು ಮೊಬೈಲನ್ನು ನಂಬಿ. ಆ ಹೋಟೆಲಿಗೆ ಜನ ಐದೈದು ಸ್ಟಾರು ಸುರಿದಿದ್ದರು. ಬಂದ ಸಾಂಬಾರು ಮಾತ್ರ ಬಿಸಿನೀರಿಗೆ ಅರಸಿನ ತೋರಿಸಿದಂತಿತ್ತು. ಅನ್ನ ಅರ್ಧ ಬೆಂದಿತ್ತು. ಹೆಂಡತಿ ನನ್ನ ಮುಖ ನೋಡಿ ನಗತೊಡಗಿದಳು.

ಕೈ ತೊಳೆದು ಹೋಗಿ ಯಜಮಾನರಿಗೆ ಆ ಸ್ಟಾರುಗಳನ್ನು ತೋರಿಸಿದೆ. ಅವರಿಗೆ ಬೇಸರವೇ ಆಗಲಿಲ್ಲ.

"ಓದಿ ನೋಡಿದ್ರಾ? ಊಟದ ವಿಷಯ ಯಾರೂ ಬರೀಲಿಲ್ಲ ಮಾರಾಯ್ರೆ. ಮಡಿಕೇರಿಯಿಂದ ಘಾಟಿ ಇಳಿದವರು ಇಲ್ಲಿ ವಾಂತಿ ಮಾಡಿ, ಮುಖ ತೊಳೆದು, ಲಿಂಬೆ ಶರಬತ್ತು ಕುಡಿಯುದು. ಜೀವ ಬಂದ ಖುಷಿಗೆ ಸ್ಟಾರು ಕೊಡುದು. ನೀವು ಹತ್ತಿ ಹೋಗುವವರು, ನಿಮಗೆ ಎಂತ ಗೊತ್ತಾಗ್ತದೆ?"

ಓದಿದೆ. ಹೌದು, ಎಲ್ಲರೂ ಹೊಗಳಿದ್ದು ಶರಬತ್ತನ್ನು ಮತ್ತು ನಳ್ಳಿಯ ತಣ್ಣೀರನ್ನು. ನಾನು ಸ್ಟಾರು ಮಾತ್ರ ಎಣಿಸಿದ್ದೆ.

ಮರುದಿನ ಸಂಜೆ ಇಳಿಯುವಾಗ ಕಾರು ಹೆಂಡತಿಯ ಕೈಯಲ್ಲಿತ್ತು. ತಿರುವುಗಳು ಮುಗಿಯುವಷ್ಟರಲ್ಲಿ ನಾನು ಗಾಜು ಇಳಿಸಿ ಕಿಟಕಿಗೆ ಮುಖ ಕೊಟ್ಟಿದ್ದೆ. ಅದೇ ಹೋಟೆಲಿನ ಮುಂದೆ ಇಳಿದವನು ನಳ್ಳಿಯ ಹತ್ತಿರ ಓಡಿದೆ. ತಲೆ ಎತ್ತಿದರೆ ಯಜಮಾನರು ಶರಬತ್ತಿನ ಗ್ಲಾಸು ಹಿಡಿದು ನಿಂತಿದ್ದರು.

ಕುಡಿದು ಮೊಬೈಲು ತೆಗೆದೆ. ಐದು ಸ್ಟಾರು ಕಡಿಮೆಯೇ ಅನಿಸಿತು.