ಬಂದರು, ಬಂದಳು

ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ಅನ್ನ ತಿಂದವಳು ನಾನು. ಹೋದ ಭಾನುವಾರ ನನ್ನ ಮಾನ ಹರಾಜಾದದ್ದು ಮಾತ್ರ ಕನ್ನಡದಲ್ಲಿ, ಅದೂ ಒಂದು ಕ್ರಿಯಾಪದದ ಬಾಲದಿಂದ.

ಭಾನುವಾರ ಮಧ್ಯಾಹ್ನ ರಾಗಿಗುಡ್ಡದ ನನ್ನ ಮನೆಯಿಂದ ಸಿಟಿ ಬಸ್ಸು ಹಿಡಿದು ಹೊಸಮನೆಯ ತವರಿಗೆ ಹೋಗುವುದು ರೂಢಿ. ಊಟ ಮುಗಿಸಿ ಅಣ್ಣ ಗೊರಕೆ ಶುರುಮಾಡಿದ ಮೇಲೆ ಟಿವಿ ನಮ್ಮದು. ಅವತ್ತು ಸಿಕ್ಕಿದ್ದು ನಾನು ಹುಟ್ಟುವ ಮೊದಲಿನ ಒಂದು ಫ್ರೆಂಚ್ ಸಿನಿಮಾ. ಕೆಳಗೆ ಬರುವ ಇಂಗ್ಲಿಷನ್ನು ಓದಿ, ದಿವಾನದ ಮೇಲೆ ಕಾಲು ಚಾಚಿ ಕೂತ ಅಮ್ಮನಿಗೆ ಕನ್ನಡದಲ್ಲಿ ಹೇಳುವ ಘನಕಾರ್ಯ ನನ್ನದು. ಅತ್ತಿಗೆ ಸೆಲ್ವಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಅವರು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ತಮಿಳು ಮನೆಯವರು. ಇಪ್ಪತ್ತು ವರ್ಷದ ಹಿಂದೆ ಅಣ್ಣ ಮೆಚ್ಚಿ ಮದುವೆಯಾದಾಗ ಅಮ್ಮ ಮೂರು ದಿನ ಊಟ ಬಿಟ್ಟಿದ್ದಳು. ನಾಲ್ಕನೇ ದಿನದಿಂದ ಸೆಲ್ವಿ ಬಡಿಸಿದ್ದನ್ನೇ ಉಣ್ಣುತ್ತಿದ್ದಾಳೆ. ಮಾತು ಮಾತ್ರ ಅಷ್ಟಕ್ಕಷ್ಟೆ.

ಸಿನಿಮಾದಲ್ಲಿ ಕಥೆಯೆಂದರೆ ಕಥೆಯೇ ಇಲ್ಲ. ಒಂದು ಉದ್ದದ ಮೇಜು, ಉಣ್ಣುತ್ತಲೇ ಜಗಳವಾಡುವ ಹತ್ತು ಜನ. ನಾನು ಹೇಳುತ್ತ ಹೋದೆ: ಯಜಮಾನತಿ ಬಂದರು, ಡಾಕ್ಟರು ಬಂದರು, ಹಿರಿಮಗಳು ಬಂದರು. ಆಫ್ರಿಕಾದ ಕಡೆಯ ಹೆಂಗಸೊಬ್ಬರು ಸೂಪಿನ ಪಾತ್ರೆ ಹಿಡಿದು ಕಾಣಿಸಿಕೊಂಡರು. “ಕೆಲಸದವಳು ಬಂದಳು” ಎಂದೆ.

“ಕೆಲ್ಸದವ್ರು ಅಂತ ಬರ್ದಿದಾರಾ?” ಎಂದರು ಅತ್ತಿಗೆ.

ಬರೆದಿರಲಿಲ್ಲ. ಅಲ್ಲಿದ್ದದ್ದು ಬರೀ ‘ಶೀ’. ಇಂಗ್ಲಿಷಿನ ಈ ‘ಶೀ’ ರಾಣಿಗೂ ಅದೇ, ರಾಣಿಯ ಕಾಲೊತ್ತುವವಳಿಗೂ ಅದೇ. ನಮ್ಮ ಕನ್ನಡಕ್ಕೆ ಅಷ್ಟು ಔದಾರ್ಯವಿಲ್ಲ. ಆಸಾಮಿ ಎಂಥವರು ಎಂದು ತೀರ್ಮಾನವಾಗದೆ ನಮ್ಮಲ್ಲಿ ಯಾರೂ ‘ಬರುವ’ ಹಾಗೇ ಇಲ್ಲ. ದೇವರನ್ನೂ ಹೆತ್ತ ತಾಯಿಯನ್ನೂ ನಾವು ಏಕವಚನದಲ್ಲೇ ಕರೆಯುತ್ತೇವೆ, ನಿಜ. ಆದರೆ ನಾನು ಆ ಹೆಂಗಸಿಗೆ ಕೊಟ್ಟದ್ದು ಆ ಏಕವಚನವಲ್ಲ ಎಂದು ನನಗೂ ಗೊತ್ತಿತ್ತು, ಬಾಗಿಲಲ್ಲಿ ನಿಂತವರಿಗೂ ಗೊತ್ತಿತ್ತು.

“ಅವ್ರು ಆ ಮನೆ ಸೊಸೆ ಇರ್ಬೇಕು ಕಣ್ರೀ” ಎಂದರು ಅತ್ತಿಗೆ.

“ಅದ್ಹೆಂಗೆ ಹೇಳ್ತೀರಿ?”

“ಕೆಲ್ಸದವ್ರಾದ್ರೆ ಬಡಿಸಿ ಒಳಗೆ ಹೋಗ್ತಾರೆ. ಇವ್ರು ನೋಡಿ, ಬಡಿಸಿ ಅಲ್ಲೇ ನಿಂತಿದಾರೆ. ಯಾರಾದ್ರೂ ಕರೀತಾರೇನೋ ಅಂತ.”

ಎರಡು ನಿಮಿಷ ಕಳೆಯುವುದರಲ್ಲಿ ಆ ಮನೆಯ ಹುಡುಗನೊಬ್ಬ ಮೇಜಿನಿಂದ ಎದ್ದು ಆಕೆಯನ್ನು “ನನ್ನ ಹೆಂಡತಿ” ಎಂದು ಅತಿಥಿಗೆ ಪರಿಚಯಿಸಿದ. ಅಬ್ಬಾ! ನನಗೆ ಮೈ ಜುಮ್ಮೆಂದಿತು. ಅಷ್ಟು ಹಳೆಯ ಕಾಲದಲ್ಲಿ, ಯಾವುದೋ ದೇಶದಲ್ಲಿ, ಯಾರೋ ಒಬ್ಬ ಪುಣ್ಯಾತ್ಮ ಹತ್ತು ಜನರ ಗದ್ದಲ ಬಿಟ್ಟು ಮೌನವಾಗಿ ನಿಂತವರ ಮುಖದ ಮೇಲೆ ಕ್ಯಾಮೆರಾ ಇಟ್ಟು ಕಾದಿದ್ದ. ಅವನು ತೋರಿಸಿದ್ದನ್ನು ಎಂ.ಎ. ಓದಿದ ನಾನು ಕಾಣಲಿಲ್ಲ. ಫ್ರೆಂಚ್ ಬಾರದ, ಇಂಗ್ಲಿಷ್ ಓದಲಾರದ ಅತ್ತಿಗೆ ಒಂದೇ ನೋಟಕ್ಕೆ ಕಂಡರು. ಇವರನ್ನು ಇಪ್ಪತ್ತು ವರ್ಷದಿಂದ ಬಲ್ಲೆ ಎಂದುಕೊಂಡಿದ್ದೆನಲ್ಲ! ಬೆರಗಿನ ಜೊತೆಗೆ ನಾಚಿಕೆಯೂ ಆಯಿತು.

ಅಮ್ಮ ಟಿವಿ ಬಿಟ್ಟು ಬಾಗಿಲ ಕಡೆ ತಿರುಗಿದಳು. “ಅಲ್ವೇ ಮಾರಾಯ್ತಿ, ನಾನು ಯಾವತ್ತು ನಿಂಗೆ ಕೂತ್ಕೋಬೇಡ ಅಂದಿದೀನಿ?”

“ಕೂತ್ಕೋ ಅಂತಾನೂ ಅಂದಿಲ್ಲ ಅತ್ತೆ.”

ಜಗಳದ ದನಿಯಲ್ಲ, ಹಾಲು ಬಂದಿಲ್ಲ ಎಂದು ಹೇಳಿದಷ್ಟೇ ಸಲೀಸು. ಅಮ್ಮ ನೋವಿನ ಮಂಡಿಯನ್ನು ಕೈಯಲ್ಲಿ ಹಿಡಿದು ಮಡಚಿ ದಿವಾನದಲ್ಲಿ ಜಾಗ ಮಾಡಿದಳು. ಸೆಲ್ವಿ ಬಂದು ಕೂತರು.

ಕಾಫಿಯ ಹೊತ್ತಾಯಿತು. ಇಬ್ಬರೂ ಏಳಲಿಲ್ಲ. ವಿಧಿಯಿಲ್ಲದೆ ನಾನೇ ಎದ್ದು ಒಳಗೆ ಹೋದೆ. ಹುಟ್ಟಿ ಬೆಳೆದ ಮನೆ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲ!

“ಅತ್ತಿಗೆ, ಸಕ್ಕರೆ ಎಲ್ಲಿ?”

“ಇರಿ, ಬರ್ತೀನಿ” ಎನ್ನುತ್ತ ಅತ್ತಿಗೆ ಏಳುವ ಸದ್ದಾಯಿತು.

“ನೀನು ಕೂತ್ಕೋ” ಎಂದಳು ಅಮ್ಮ. “ಅವಳೇ ಹುಡುಕ್ಲಿ.”